ಚುಕ್ಕೆಗೆರೆಯ ಹೆಣ್ಣುಮಕ್ಕಳು

ಅಮೆರಿಕದ ಯೂನಿಯನ್ ಸಿಟಿಯ ಕನ್ನಡಿಗರಲ್ಲಿ ವಂಶವೃಕ್ಷಾಧಿಕಾರಿ ಎಂಬ ಹುದ್ದೆಯೊಂದುಂಟು. ಅದಕ್ಕೆ ಸಂಬಳವಿಲ್ಲ, ಕುರ್ಚಿಯಿಲ್ಲ, ನಿವೃತ್ತಿಯೂ ಇಲ್ಲ. ಹೇವರ್ಡಿನ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ನಾಗಿ ಗೋದಾಮುಗಳ ನಕ್ಷೆ ಬರೆದೂ ಬರೆದೂ ಕೊನೆಗೊಮ್ಮೆ ಮನೆಯಲ್ಲಿ ಕೂತ ಮೇಲೆ, ಯಾರೂ ನೇಮಿಸದೆಯೇ, ಆ ಹುದ್ದೆ ನನ್ನ ಹೆಗಲೇರಿತು. ಗೃಹಪ್ರವೇಶಕ್ಕೆ ಪಂಚೆಯುಟ್ಟು ಕುಳಿತ ಇಂಜಿನಿಯರು, ಪುರೋಹಿತರು ಗೋತ್ರ ಕೇಳಿದೊಡನೆ ಫೋನು ತೆಗೆದು ಮೈಸೂರಿನಲ್ಲಿರುವ ಅಪ್ಪನಿಗೆ ಕರೆ ಮಾಡುವುದು ಇಲ್ಲಿನ ಸಂಪ್ರದಾಯ. ಅಪ್ಪ ಎತ್ತದಿದ್ದರೆ ಎರಡನೆಯ ಕರೆ ನನಗೆ. ಮುತ್ತಾತನ ಹೆಸರು, ಗೋತ್ರ, ಸೂತ್ರ, ಯಾವ ಊರಿಂದ ಯಾವ ಊರಿಗೆ ಬಂದವರು ಎಂಬುದೆಲ್ಲ ನನ್ನ ಗ್ಯಾರೇಜಿನಲ್ಲಿ ರಟ್ಟಿನ ಕೊಳವೆಗಳೊಳಗೆ ಸುರುಳಿಯಾಗಿ ನಿಂತಿದೆ. ಹೆಂಡತಿ ತೀರಿಕೊಂಡ ಮೇಲೆ ಗ್ಯಾರೇಜನ್ನು ಪರರ ಪಿತೃಗಳಿಗೆ ಬಿಟ್ಟುಕೊಟ್ಟು ಕಾರನ್ನು ಹೊರಗೆ ನಿಲ್ಲಿಸುತ್ತಿದ್ದೇನೆ. ಕಾರು ಈವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ.

ಈ ಖ್ಯಾತಿ ಬೇಲಿ ದಾಟಿ ಪಕ್ಕದ ಮನೆಗೂ ತಲುಪಿತ್ತು. ಅಲ್ಲಿ ಇದ್ದವರು ಎಂಬತ್ತು ದಾಟಿದ ಒಬ್ಬ ಹೆಂಗಸು, ಒಂಟಿ. ಮದುವೆಯಾಗದವರಾದ್ದರಿಂದ ಈ ವಯಸ್ಸಿನಲ್ಲೂ ತಮ್ಮನ್ನು ಸೆನ್ಯೋರೀಟಾ ಎಂದೇ ಕರೆಯಬೇಕೆಂದು ಹಟ. ನನ್ನ ನಾಲಿಗೆ ಅದಕ್ಕೆ ಒಪ್ಪದೆ, ಮೇಡಂ ಎನ್ನುತ್ತಿದ್ದೆ. ಅವರು ಸೇಡಿಗೆಂದು ನನ್ನನ್ನು ಸೆನ್ಯೋರ್ ಎನ್ನುತ್ತಿದ್ದರು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ನನ್ನ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ.

ಅವರ ತಾಯಿಯ ಕಡೆಯ ಮೂಲಪುರುಷ ಸ್ಪೇನಿನ ರಾಜನ ಸಿಪಾಯಿ. ಮೆಕ್ಸಿಕೋದಿಂದ ಹೆಂಡತಿ ಮಕ್ಕಳನ್ನು ಹೇಸರಗತ್ತೆಯ ಮೇಲೆ ಕೂರಿಸಿ, ತಾನು ನಡೆದು, ನಮ್ಮೂರ ಪಕ್ಕದ ಈ ಕೊಲ್ಲಿಯ ದಡಕ್ಕೆ ಬಂದವನು. ಮುದುಕನಾದ ಮೇಲೆ ಗುಡ್ಡದಿಂದ ನೀರಿನವರೆಗೆ ಕಣ್ಣಿಗೆ ಕಂಡಷ್ಟು ನೆಲ ಅವನಿಗೆ ದಾನವಾಗಿ ಸಿಕ್ಕಿತು. ಆ ನೆಲದ ಮೇಲೆ ಈಗ ನಮ್ಮ ಮನೆಗಳು, ರೈಲು ನಿಲ್ದಾಣ, ನಾನು ತೊಗರಿಬೇಳೆ ತರುವ ಗ್ರೋಸರಿ ಅಂಗಡಿ ಮತ್ತು ನಾನು ನಕ್ಷೆ ಬರೆದ ಗೋದಾಮುಗಳು ನಿಂತಿವೆ. ಅವನ ವಂಶಸ್ಥರದೊಂದು ಸಂಘವಿದೆ. ಹಳೆಯ ಮಿಷನ್ ಚರ್ಚಿನ ಪಕ್ಕದ ಸ್ಮಶಾನದಲ್ಲಿ, ಕಬ್ಬಿಣದ ಬೇಲಿಯೊಳಗೆ, ಆ ಕುಟುಂಬಕ್ಕೆಂದೇ ಒಂದು ತುಂಡು ಜಾಗವಿದೆ. ಪಕ್ಕದ ಮನೆಯಾಕೆಯ ತಾಯಿ ಅಲ್ಲಿ ಮಲಗಿದ್ದಾರೆ. ಅವರ ಮಗ್ಗುಲಿಗೆ ಒಬ್ಬರಿಗಾಗುವಷ್ಟು ಜಾಗ ಖಾಲಿಯಿದೆ.

"ನನಗೆ ಅದು ಬೇಕು, ಸೆನ್ಯೋರ್. ಡಾಕ್ಟರು ನನ್ನ ಹೃದಯಕ್ಕೆ ಕಿವಿಯಿಟ್ಟು, ಯಾವ ಕೆಲಸವನ್ನೂ ಮುಂದಿನ ವರ್ಷಕ್ಕೆ ಹಾಕಬೇಡಿ ಅಂದಿದ್ದಾರೆ. ಸಂಘದವರು ಈಗ ಕಟ್ಟುನಿಟ್ಟು ಮಾಡಿದ್ದಾರೆ, ಮೂಲಪುರುಷನಿಂದ ನನ್ನವರೆಗೆ ಮರ ಬರೆದು ತೋರಿಸಬೇಕಂತೆ. ನೀವು ಬರೆಯುತ್ತೀರಂತಲ್ಲ?"

ಬರೆಯುತ್ತೇನೆ ಎಂದೆ. ನನಗೂ ಬುಧವಾರಗಳು ಖಾಲಿಯಿದ್ದವು. ಬೇರೆ ದಿನಗಳೂ ಖಾಲಿಯಿದ್ದವು; ಆದರೆ ಎಲ್ಲವನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಅಧಿಕಾರಿಯ ಘನತೆಗೆ ತಕ್ಕದ್ದಲ್ಲ.

ಬುಧವಾರ ಮಧ್ಯಾಹ್ನ ಅವರ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹಾಸುತ್ತಿದ್ದೆ. ಅವರು ದಾಲ್ಚಿನ್ನಿ ಹಾಕಿದ ಕಾಫಿ ಕೊಡುತ್ತಿದ್ದರು. ಅದು ಕಾಫಿಗೆ ಮಾಡಿದ ಅನ್ಯಾಯವೆಂದು ನನ್ನ ಅಭಿಪ್ರಾಯ. ಆದರೂ ಎರಡನೆಯ ಲೋಟ ಬೇಡವೆಂದದ್ದು ನೆನಪಿಲ್ಲ. ಚರ್ಚಿನಿಂದ ತರಿಸಿಕೊಂಡ ದೀಕ್ಷಾಸ್ನಾನದ ದಾಖಲೆಗಳ ನಕಲುಗಳನ್ನು ಅವರು ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದುವುದು, ನಾನು ಬರೆಯುವುದು. ಯಾರ ಮಗುವಿಗೆ ಯಾರು ಧರ್ಮತಾಯಿ, ಆ ಧರ್ಮತಾಯಿ ಯಾರ ನಾದಿನಿ ಎಂಬುದು ಅವರಿಗೆ ಬಾಯಿಪಾಠವಿತ್ತು. ಹೋದ ತಿಂಗಳು ಜಗಳವಾಡಿದವರ ಸುದ್ದಿಯಂತೆ ಹೇಳುತ್ತಿದ್ದರು.

"ಹಾಗಾದರೆ ನಾನು ಇಷ್ಟು ವರ್ಷ ನಿಮ್ಮ ಅಜ್ಜನ ಹೊಲದಲ್ಲೇ ಗೋದಾಮು ಬರೆದೆ ಅಂತಾಯಿತು" ಎಂದೆ ಒಂದು ದಿನ.

"ಹೊಲವಲ್ಲ, ದನ ಮೇಯುವ ಬಯಲು. ರಾಜನ ಕಡೆಯಿಂದ ಬಂದದ್ದು. ರಾಜನಿಗೆ ಯಾರು ಕೊಟ್ಟರು ಅಂತ ಮಾತ್ರ ಕೇಳಬೇಡಿ, ಮರ ಬುಡದಲ್ಲೇ ಒಣಗುತ್ತದೆ."

ಕೇಳದೆಯೂ ಅದು ಎದುರಾಯಿತು. ಸಿಪಾಯಿಯ ಮೊಮ್ಮಗನ ಹೆಂಡತಿ ಇಲ್ಲಿಯದೇ ಹೆಣ್ಣು. ಸ್ಪೇನಿನವರು ಬರುವ ಮೊದಲಿನಿಂದ ಈ ದಡದಲ್ಲಿ ಇದ್ದವರ ಪೈಕಿ. ಪಾದ್ರಿಗಳು ಇಟ್ಟ ಒಂದು ಹೆಸರು ಬಿಟ್ಟರೆ ಅವಳ ಅಪ್ಪ ಅಮ್ಮ ಯಾರೆಂದು ಎಲ್ಲೂ ಇರಲಿಲ್ಲ. ನಾನು ಅಭ್ಯಾಸಬಲದಿಂದ ಅವಳ ಮೇಲೆ 'ಅಜ್ಞಾತ' ಎಂದು ಬರೆಯಹೊರಟೆ. ಅವರು ನನ್ನ ಪೆನ್ನಿನ ಮೇಲೆ ಬೆರಳಿಟ್ಟರು.

"ನಮಗೆ ಗೊತ್ತಿಲ್ಲ, ಅಷ್ಟೇ. ಅವಳಿಗೆ ಗೊತ್ತಿತ್ತು. ಜಾಗ ಬಿಡಿ."

ಜಾಗ ಬಿಟ್ಟೆ. ಹಾಳೆಯಲ್ಲಿ ಅಷ್ಟು ಬಿಳಿಯಾಗಿ ಬೇರೆ ಯಾವ ಜಾಗವೂ ಉಳಿಯಲಿಲ್ಲ.

ಅಲ್ಲಿಂದ ಕೆಳಗೆ ವಂಶ ಹೆಣ್ಣುಮಕ್ಕಳಲ್ಲಿ ಇಳಿದು ಬಂದಿತ್ತು. ಗಂಡುಮಕ್ಕಳು ಅಮೆರಿಕನ್ನರ ಕೋರ್ಟುಗಳಲ್ಲಿ, ಕುದುರೆಪಂದ್ಯಗಳಲ್ಲಿ ನೆಲವನ್ನೆಲ್ಲ ಕರಗಿಸಿ ಎಲ್ಲೆಲ್ಲೋ ಚದುರಿದ್ದರು. ಅವಳ ಮಗಳು, ಅಂದರೆ ಪಕ್ಕದ ಮನೆಯಾಕೆಯ ಮುತ್ತಜ್ಜಿ, ಗಾಡಿ ಹೊಡೆಯುವ ಐರಿಷಿನವನನ್ನು ಮದುವೆಯಾದರು, ಅಜ್ಜಿ ಪೋರ್ಚುಗೀಸ್ ರೈತನನ್ನು, ಅಮ್ಮ ರೈಲ್ವೆಯವನೊಬ್ಬನನ್ನು. ಅಮ್ಮನ ಒಬ್ಬಳೇ ಮಗಳು ಈಕೆ.

ಇಲ್ಲಿ ನನ್ನ ಕಸುಬಿನ ಒಂದು ಪದ್ಧತಿ ಹೇಳಬೇಕು. ನಕ್ಷೆಯಲ್ಲಿ ಕಣ್ಣಿಗೆ ಕಾಣುವುದಕ್ಕೆ ಗಟ್ಟಿಗೆರೆ; ಇದ್ದೂ ಈ ಕಡೆಯಿಂದ ಕಾಣದಿರುವುದಕ್ಕೆ ಚುಕ್ಕೆಗೆರೆ. ಗೋಡೆಯೊಳಗಿನ ಕೊಳವೆ, ನೆಲದಡಿಯ ಅಡಿಪಾಯ, ಇಂಥವಕ್ಕೆ. ನಮ್ಮವರ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳು ಮದುವೆಯಾದೊಡನೆ ಗಂಡನ ಗೋತ್ರಕ್ಕೆ ಸೇರುವುದರಿಂದ ಹಿಂದಿನವರು ಅವರನ್ನು ಬರೆಯುತ್ತಲೇ ಇರಲಿಲ್ಲ. ನಾನು ಸುಧಾರಕ. ಕೊಟ್ಟ ಹೆಣ್ಣುಮಕ್ಕಳನ್ನು ಚುಕ್ಕೆಗೆರೆಯಲ್ಲಾದರೂ ತೋರಿಸುತ್ತೇನೆ, ಇದ್ದಾರೆ ಆದರೆ ಈ ಮನೆಯಿಂದ ಕಾಣುವುದಿಲ್ಲ ಎಂಬರ್ಥದಲ್ಲಿ. ಇದುವರೆಗೆ ಯಾರೂ ತಕರಾರು ತೆಗೆದಿರಲಿಲ್ಲ. ಸಿಪಾಯಿಯ ಮರವನ್ನೂ ಹಾಗೆಯೇ ಬರೆದೆ. ಕಣ್ಣಿನ ಪೊರೆಯಿಂದ ಅವರ ಬರಿಗಣ್ಣಿಗೆ ಗೆರೆಗಳ ತರತಮ ತಿಳಿಯಲಿಲ್ಲ. ಹಾಳೆಯ ಮೇಲೆ ಅಂಗೈ ಆಡಿಸಿ, "ಚರ್ಚಿನ ಗೋಡೆಯ ಹಾಗಿದೆ" ಎಂದರು. ಸಂಘಕ್ಕೆ ಕಳಿಸಿದೆವು.

ಮೂರು ವಾರದ ಮೇಲೆ ಅವರು ಬೇಲಿಯ ಹತ್ತಿರ ನಿಂತು ನನ್ನನ್ನು ಕರೆದ ದನಿಯಲ್ಲೇ ಏನೋ ಕೆಟ್ಟಿದೆ ಎಂದು ತಿಳಿಯಿತು.

"ಸೆನ್ಯೋರ್, ನನ್ನ ಮುತ್ತಜ್ಜಿಗೆ ಏನು ಮಾಡಿದಿರಿ?"

"ಏನೂ ಮಾಡಿಲ್ಲವಲ್ಲ, ಮೇಡಂ."

"ಚುಕ್ಕೆ ಇಟ್ಟಿದ್ದೀರಂತೆ. ಅಜ್ಜಿಗೂ ಇಟ್ಟಿದ್ದೀರಂತೆ, ನನ್ನಮ್ಮನಿಗೂ. ಸಂಘದ ಅಧ್ಯಕ್ಷೆ ಫೋನು ಮಾಡಿದ್ದಳು. ಇಲ್ಲಿ ಚುಕ್ಕೆಗೆರೆ ಅಂದರೆ ಸಂಬಂಧ ಸಾಬೀತಾಗಿಲ್ಲ ಅಂತ ಅರ್ಥ. ಹುಟ್ಟು ಅನುಮಾನ ಅಂತ ಅರ್ಥ! ಮೂವರೂ ಪಾದ್ರಿಯ ಮುಂದೆ ಮದುವೆಯಾದವರು. ಆಗದೆ ಉಳಿದವಳು ನಾನೊಬ್ಬಳು, ನನಗೆ ಮಾತ್ರ ಗಟ್ಟಿಗೆರೆಯಂತೆ!"

ಕಾಣದ ವಸ್ತುಗಳಿಗೆ ಚುಕ್ಕೆಗೆರೆ ಹಾಕುವ ಶಾಸ್ತ್ರವನ್ನು ಸಾವಧಾನವಾಗಿ ವಿವರಿಸಿದೆ. ಉದಾಹರಣೆಗೆ ಕೊಳವೆಯನ್ನೇ ಕೊಟ್ಟೆ. ಕೊಡಬಾರದಿತ್ತು.

"ನನ್ನಮ್ಮ ಗೋಡೆಯೊಳಗಿನ ಕೊಳವೆಯೇ?"

ಅವರು ಒಳಗೆ ಹೋದರು. ಅರ್ಜಿಯನ್ನು ಸಂಘದವರು ವಾರ್ಷಿಕ ಕೂಟದ ತನಕ ಮುಂದೂಡಿದ್ದಾರೆಂಬುದು ನನಗೆ ಆಮೇಲೆ ಗೊತ್ತಾಯಿತು. ಡಾಕ್ಟರು ಹೇಳಿದ್ದ ಮಾತು ತಿಳಿದಿದ್ದ ನನಗೆ ಅಷ್ಟು ತಿಂಗಳು ಬಹಳ ದೂರವಾಗಿ ಕಂಡವು. ಮುಂದಿನ ಬುಧವಾರ ಗಂಟೆ ಒತ್ತಿದೆ. ಒಳಗೆ ರೇಡಿಯೋ ಹಾಡುತ್ತಿತ್ತು. ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ಬುಧವಾರ ನಾನು ಗಂಟೆ ಒತ್ತಲಿಲ್ಲ. ಅವರ ಮನೆಯ ಮುಂದೆ ನಿಧಾನವಾಗಿ ನಡೆದು, ಊರಿನ ರಸ್ತೆಗಳನ್ನು ಪರಿಶೀಲಿಸುವವನಂತೆ ತಿರುಗಿ ಬಂದೆ.

ಮದುವೆಯಾದ ನನ್ನ ಮಗಳು ಮೆನ್ಲೋ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ, ಕೊಲ್ಲಿಯ ಆಚೆ ದಡ. ಫೋನಿನಲ್ಲಿ ಅವಳಿಗೆ ಈ ಪ್ರಕರಣ ಹೇಳಿದೆ. ಸಹಾನುಭೂತಿ ಸಿಗಬಹುದೆಂಬ ನಿರೀಕ್ಷೆಯಿತ್ತು.

"ಒಂದ್ನಿಮಿಷ ಅಪ್ಪಾ. ನಮ್ಮನೆ ಟ್ರೀನಲ್ಲಿ ನಾನು ಯಾವ ಲೈನು?"

"ಮದುವೆ ತನಕ ಗಟ್ಟಿಗೆರೆ."

"ಆಮೇಲೆ?"

"ಆಮೇಲೆ ಪದ್ಧತಿ ಪ್ರಕಾರ..."

"ಓಹೋ. ಭಾನುವಾರ ಬ್ರಿಡ್ಜು ದಾಟ್ಕೊಂಡು ಬಂದು, ನಿಮ್ಮ ಫ್ರಿಜ್ಜಲ್ಲಿ ಹುಳಿ, ಪಲ್ಯ ತುಂಬ್ಸಿ, ಮಾತ್ರೆ ಡಬ್ಬಿ ಜೋಡ್ಸಿ ಹೋಗೋದು ಡಾಟೆಡ್ ಲೈನಾ? ನಿಮ್ಗೆ ಗಟ್ಟಿ ಲೈನು ಅಂತ ಬೇರೆ ಯಾರಾದ್ರೂ ಇದಾರಾ ಅಪ್ಪಾ, ಒಂದು ಹೆಸ್ರು ಹೇಳಿ ನೋಡೋಣ."

"ಶಾಸ್ತ್ರದಲ್ಲಿ..." ಎಂದು ಶುರುಮಾಡಿದೆ.

"ಶಾಸ್ತ್ರ ಗ್ಯಾರೇಜಲ್ಲೇ ಇರ್ಲಿ. ಪಾಪ ಆ ಅಜ್ಜಿಗೆ ಏನಾದ್ರೂ ಆಗೋಕ್ ಮುಂಚೆ ಸರಿಯಾಗಿ ಬರ್ದು ಕೊಡಿ. ನಂಗೆ ಮೀಟಿಂಗು ಇದೆ, ಇಡ್ತೀನಿ."

ಹೊಸ ಹಾಳೆ ತೆಗೆದೆ. ಸಿಪಾಯಿಯಿಂದ ಮತ್ತೆ ಶುರು. ಮುತ್ತಜ್ಜಿಯ ಹತ್ತಿರ ಬಂದಾಗ ಕೈ ತಾನಾಗಿಯೇ ಎತ್ತಿ ಎತ್ತಿ ಇಡಲು ಹೋಯಿತು. ಇಷ್ಟು ವರ್ಷದ ಚಟ. ಪೆನ್ನನ್ನು ಹಾಳೆಗೆ ಒತ್ತಿ, ಎತ್ತದೆ ಎಳೆದೆ. ಅಜ್ಜಿ, ಅಮ್ಮ, ಈಕೆ, ಎಲ್ಲರೂ ಒಂದೇ ದಪ್ಪ. ಅಣ್ಣತಮ್ಮಂದಿರಿಗೂ ಅದೇ ದಪ್ಪ, ಅವರು ಪಂದ್ಯದಲ್ಲಿ ಸೋತವರಾದರೂ.

ಹಾಳೆಯನ್ನು ಸುತ್ತಿಕೊಂಡು ಹೋಗಿ, ಗಂಟೆ ಒತ್ತಿ, ಮುಚ್ಚಿದ ಬಾಗಿಲಿಗೇ ಹೇಳಿದೆ: "ಮೇಡಂ, ಎಲ್ಲರನ್ನೂ ಗೋಡೆಯಿಂದ ಹೊರಗೆ ತೆಗೆದಿದ್ದೇನೆ."

ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ಅವರು ಭೂತಗನ್ನಡಿ ತಂದು, ಮೂರು ಗೆರೆಗಳ ಉದ್ದಕ್ಕೂ ಇರುವೆಯಂತೆ ಚಲಿಸಿದರು. ಕೊನೆಗೆ ತಾಯಿಯ ಹೆಸರಿನ ಮೇಲೆ ಭೂತಗನ್ನಡಿ ಇಟ್ಟು ಅಲ್ಲೇ ಬಿಟ್ಟು, ಕಾಫಿಗೆ ನೀರಿಡಲು ಎದ್ದರು.

"ಕೂಟದ ತನಕ ನಾನು ಇರುತ್ತೇನಾ?" ಎಂದರು ಅಡುಗೆಮನೆಯಿಂದ.

"ನಿಮ್ಮ ಕೋಪ ನೋಡಿದರೆ ಇನ್ನೂ ಹತ್ತು ವರ್ಷ ಇರುತ್ತೀರಿ."

"ನನ್ನನ್ನು ಮತ್ತೆ ಕೋಪ ಮಾಡಿಸಲು ನೀವು ಇದ್ದರೆ."

ಅವರು ಇದ್ದರು. ಕೂಟಕ್ಕೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಚರ್ಚಿನ ಹಿಂದಿನ ಅಂಗಳದಲ್ಲಿ ಆಲಿವ್ ಮರಗಳ ಕೆಳಗೆ ಜನವೋ ಜನ. ಕೆಂಪುಕೂದಲಿನವರು, ಕರಿಗೂದಲಿನವರು, ಚೀನೀ ಮುಖದ ಇಬ್ಬರು ಮಕ್ಕಳು, ಎಲ್ಲರೂ ಸಿಪಾಯಿಯ ಸಂತಾನ. ಅವನ ಪ್ರತಿ ಮಗುವಿಗೂ ಒಂದೊಂದು ಬಣ್ಣವಿಟ್ಟು, ಆ ಶಾಖೆಯವರ ಎದೆಗೆಲ್ಲ ಆ ಬಣ್ಣದ ಬಿಲ್ಲೆ ಅಂಟಿಸುವುದು ಅವರ ರೂಢಿ. ಅಧ್ಯಕ್ಷೆ ಎದ್ದು ಬಂದು ಇವರನ್ನು ತಬ್ಬಿಕೊಂಡು, ತಾಯಿಯ ಪಕ್ಕದ ಜಾಗ ಇವರದೇ ಎಂದು ಎಲ್ಲರೆದುರು ಹೇಳಿ, ತಾವೇ ಹಸಿರು ಬಿಲ್ಲೆ ಅಂಟಿಸಿದರು. ಕ್ಷಣಾರ್ಧದಲ್ಲಿ ಹಸಿರು ಬಿಲ್ಲೆಯ ಹೆಂಗಸರು ಸುತ್ತುವರಿದರು. "ನಿಮ್ಮ ಮೂಗು ನೋಡಿ, ನಮ್ಮ ಅತ್ತೆಯದೇ!" ಎಂದು ಯಾರೋ ಕೂಗಿದರು. ಆ ಗುಂಪಿನೊಳಗೆ ಅವರ ಬಿಳಿತಲೆ ಕಾಣದಾಯಿತು.

"ಸರ್, ನೀವು ಯಾವ ಬಣ್ಣ?" ಎಂದು ಬಿಲ್ಲೆಗಳ ತಟ್ಟೆ ಹಿಡಿದ ಹುಡುಗಿ ಕೇಳಿದಳು.

"ನಾನು ಪಕ್ಕದ ಮನೆ."

ಅವಳು ತಟ್ಟೆಯನ್ನೆಲ್ಲ ಹುಡುಕಿದಳು, ಪಾಪ.

ಸಂಘಕ್ಕೆ ಮೊದಲೇ ಕಳಿಸಿದ್ದ ನನ್ನ ಹೊಸ ಹಾಳೆಯನ್ನು ಗೋಡೆಗೆ ತೂಗುಹಾಕಿದ್ದರು. ಜನ ಸಾಲಾಗಿ ಬಂದು ತಂತಮ್ಮ ಅಜ್ಜಿಯರ ಮೇಲೆ ಬೆರಳಿಟ್ಟು ಫೋಟೋ ತೆಗೆಸಿಕೊಂಡರು. ನಾನು ಅನ್ನದ ತಟ್ಟೆ ಹಿಡಿದು ಒಂದು ಬದಿಗೆ ನಿಂತೆ. ಬೀನ್ಸಿನಲ್ಲಿ ಹಂದಿಮಾಂಸವಿದೆ, ಮುಟ್ಟಬೇಡಿ ಎಂದು ಪಕ್ಕದ ಮನೆಯಾಕೆ ಕಾರಿನಲ್ಲೇ ಎಚ್ಚರಿಸಿದ್ದರು. ಸಂಜೆಯಾಗುತ್ತಿದ್ದಂತೆ ಮೂವರು ಹೆಂಗಸರ ನಡುವಿನಿಂದ ಅವರು ಹೊರಬಂದು, "ಇವರೇ ಮರ ಬರೆದವರು" ಎಂದು ನನ್ನನ್ನು ತೋರಿಸಿದರು. ಮೂವರೂ ಕೈ ಕುಲುಕಿದರು. ಅಧಿಕಾರಿಯ ಘನತೆಗೆ ತಕ್ಕಂತೆ ತಲೆಬಾಗಿದೆ.

"ನೀವು ಕಾಯಬೇಡಿ, ಸೆನ್ಯೋರ್. ಇವರು ನನ್ನನ್ನು ಮನೆಗೆ ಬಿಡುತ್ತಾರೆ. ರಾತ್ರಿ ಊಟಕ್ಕೂ ಕರೆದಿದ್ದಾರೆ."

ಅವರ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ನಾನು ಕಾರು ಹತ್ತಿ ಒಬ್ಬನೇ ಮನೆಗೆ ಬಂದೆ.

ಆಮೇಲಿನ ಬುಧವಾರ ಅವರ ಮನೆಯ ಮುಂದೆ ಗುರುತಿಲ್ಲದ ಕಾರಿತ್ತು. ಹಿಂತಿರುಗುತ್ತಿದ್ದ ನನ್ನನ್ನು ಅವರೇ ಕಿಟಕಿಯಿಂದ ಕಂಡು ಒಳಗೆ ಕರೆದರು. ಹಾಳೆ ಹಾಸುತ್ತಿದ್ದ ಮೇಜಿನ ತುಂಬ ತಟ್ಟೆಗಳು. ಹಸಿರು ಶಾಖೆಯ ಇಬ್ಬರು ಕೂತು ಯಾರದೋ ಚಿಕ್ಕಪ್ಪನ ಕಥೆ ಹೇಳುತ್ತಿದ್ದರು. ಆ ಚಿಕ್ಕಪ್ಪ ನನಗೆ ಗೊತ್ತು. ಅವನ ಹುಟ್ಟು ಸಾವುಗಳನ್ನು ನನ್ನ ಕೈಯಾರೆ ಬರೆದಿದ್ದೆ. ಅವನ ಹೆಸರು ಬಂದೊಡನೆ ಮೂವರೂ ಮೇಜು ಬಡಿದು ಏಕೆ ನಕ್ಕರೆಂಬುದು ಮಾತ್ರ ತಿಳಿಯಲಿಲ್ಲ. ನಾನೂ ಸ್ವಲ್ಪ ತಡವಾಗಿ ನಕ್ಕೆ. ಒಂದು ಲೋಟ ಕಾಫಿ ಕುಡಿದು ಎದ್ದೆ.

"ಮುಂದಿನ ಬುಧವಾರ ಬನ್ನಿ, ತಪ್ಪಿಸಬೇಡಿ" ಎಂದರು ಬಾಗಿಲಲ್ಲಿ.

ಹೋದೆ. ಮನೆಗೆ ಬೀಗ. ಎದುರುಮನೆಯವನು ಕಸದ ಡಬ್ಬಿ ಎಳೆಯುತ್ತಾ, ಮುಂಜಾನೆಯೇ ಯಾರೋ ಬಂದು ಕರೆದುಕೊಂಡು ಹೋದರು, ಎಲ್ಲಿಗೋ ಮೂರು ದಿನದ ಪ್ರವಾಸವಂತೆ ಎಂದ. ಒಳ್ಳೆಯದಾಯಿತು ಎಂದೆ. ಹಾಗೆಯೇ ಅನ್ನಿಸಿತು ಕೂಡ. ಮೆಟ್ಟಿಲ ಮೇಲಿನ ಜೆರೇನಿಯಂ ಕುಂಡಗಳ ಮಣ್ಣು ಬಿರುಕು ಬಿಟ್ಟಿತ್ತು. ಪೈಪು ಬಿಚ್ಚಿ, ಒಂದೊಂದಕ್ಕೂ ನೀರು ಇಂಗುವವರೆಗೆ ನಿಂತು ಹಾಕಿದೆ. ಅವಸರವೇನೂ ಇರಲಿಲ್ಲ.