ಹೋಲಿಕೆಗೆ ಬೇಕಾದವಳು

ಬೆಳಕು ಹರಿಯುವ ಮೊದಲು ಅತ್ತೆಯ ಒದ್ದೆ ಹಾಸು ಬದಲಾಗಬೇಕು, ಹಳೆಯದು ಸೋಪಿನ ನೀರಲ್ಲಿ ನೆನೆಯಬೇಕು, ಹಾಲು ಕಾಯಬೇಕು, ಗಂಡನ ಅಂಗಿಗೆ ಇಸ್ತ್ರಿಯಾಗಬೇಕು. ಮಲಗುವ ಕೋಣೆ ಇರುವುದೊಂದೇ, ಎರಡು ಮಂಚಗಳ ನಡುವೆ ಒಂದು ಪರದೆ. ದೀಪ ಹಾಕಿದರೆ ಗಂಡನ ನಿದ್ದೆ ಕೆಡುತ್ತದೆ. ಹಾಗಾಗಿ ಸೊಸೆ ಇಷ್ಟು ವರ್ಷ ಕತ್ತಲಲ್ಲಿ ಮೂಗನ್ನೇ ನಂಬಿ ಸಂಸಾರ ಮಾಡಿದವಳು. ಹಾಸು ಒದ್ದೆಯೋ ಒಣಗಿದೆಯೋ, ವಾಸನೆಯೇ ಹೇಳುತ್ತಿತ್ತು.

ಅತ್ತೆಗೆ ನಡುಕದ ಕಾಯಿಲೆ. ಲ್ಯಾಬಿನಲ್ಲಿ ಹೊಸ ಪರೀಕ್ಷೆಯೊಂದು ಬಂದಿತ್ತು. ಮೂಗಿನೊಳಗೆ ಸಣ್ಣ ಬ್ರಷ್ ಆಡಿಸಿ, ಸಿಕ್ಕಿದ್ದನ್ನು ಕೊಳವೆಗೆ ಹಾಕಿ ಯಂತ್ರದಲ್ಲಿ ಅಲುಗಿಸುತ್ತಾರೆ. ಕೆಟ್ಟ ಪ್ರೋಟೀನು ಇದ್ದರೆ ಕೊಳವೆ ಹೊಳೆಯುತ್ತದೆ.

"ಕೈ ನಡುಗೋಕೆ ಎಷ್ಟೋ ವರ್ಷ ಮೊದಲೇ ಗೊತ್ತಾಗಬಹುದು," ಎಂದಳು ಅತ್ತೆಯ ಮಾದರಿ ತೆಗೆದ ಲ್ಯಾಬಿನ ಹುಡುಗಿ. "ಹೋಲಿಸಿ ನೋಡೋಕೆ ಆರೋಗ್ಯವಾಗಿರೋರೊಬ್ರು ಬೇಕು. ನೀವು ಕೊಡ್ತೀರಾ ಸಾರ್?"

"ನನಗೆಲ್ಲಿ ಪುರುಸೊತ್ತು? ಇವಳ್ದು ತಗೊಳ್ಳಿ, ಮನೇಲಿ ಸುಮ್ನೆ ಇರ್ತಾಳೆ," ಎಂದ ಗಂಡ.

ಹುಡುಗಿ ಸೊಸೆಯತ್ತ ತಿರುಗಿದಳು. "ವಾಸನೆ ಸರಿಯಾಗಿ ಗೊತ್ತಾಗುತ್ತಾ ಅಮ್ಮ? ಅದು ಹೋಗೋದೂ ಒಂದು ಮುನ್ಸೂಚನೆ."

"ಇವಳದಾ? ನಾಯಿ ಮೂಗು," ಎಂದು ಅವನೇ ಉತ್ತರಿಸಿದ.

ಅವಳು ಬ್ರಷ್ಷಿಗೆ ಮೂಗೊಡ್ಡಿದಳು. ಹಿಂದಿನ ವಾರವೇ ಹಾಲು ಸೀದು ಪಾತ್ರೆ ಕಪ್ಪಾಗುವವರೆಗೂ ಅವಳಿಗೆ ತಿಳಿದಿರಲಿಲ್ಲ. "ಮೂಗು ಅಡ ಇಟ್ಟಿದೀಯಾ?" ಎಂದು ಗದರಿದವನು ಇದೇ ಗಂಡ.

ಕೆಲವು ದಿನ ಕಳೆದು ಹುಡುಗಿಯ ಫೋನು ಬಂತು. "ನಿಮ್ಮ ಪರೀಕ್ಷೆ ಬಗ್ಗೆ ಮಾತಾಡೋದಿದೆ. ಫಲಿತಾಂಶ ತಿಳ್ಕೊಳ್ಳೋದು ಬಿಡೋದು ನಿಮ್ಮಿಷ್ಟ."

"ಹೋಗ್ಬೇಡ," ಎಂದ ಗಂಡ. "ಇದನ್ನ ವಾಸಿ ಮಾಡೋ ಔಷಧೀನೇ ಇಲ್ವಂತೆ. ತಲೆಗೆ ಹುಳ ಬಿಟ್ಕೊಂಡು ಕೂತ್ರೆ ಅಮ್ಮನ್ನ ನೋಡೋರ್ಯಾರು?"

"ನನ್ನ ನೋಡೋರು?"

"ನಿನಗೇನಾಗಿದೆ? ಗುಂಡುಕಲ್ಲಿನ ಹಾಗಿದೀಯ."

ಕೈ ನಡುಗುವವರೆಗೂ ಈ ಮನೆಗೆ ತಾನು ಗುಂಡುಕಲ್ಲೇ. ಆಮೇಲೆ ಪರದೆಯಾಚೆಯ ಮಂಚ. ನಡುವೆ ಒಳ್ಳೆಯ ವರ್ಷಗಳು ಕಡಿಮೆಯೆಂದು ತಿಳಿದರೆ, ಅವನ್ನು ಯಾರಿಗೆ ಕೊಡಬೇಕೆಂದು ತಾನು ಒಮ್ಮೆಯಾದರೂ ಯೋಚಿಸಬಹುದು. ಬಹುಶಃ ಅವನಿಗಿರುವ ಹೆದರಿಕೆಯೂ ಅದೇ.

ಮರುದಿನ ನಸುಕಿನಲ್ಲಿ ಅವಳು ಅತ್ತೆಯ ಹಾಸಿನ ಮೇಲೆ ಬಾಗಿದಳು. ಮೂಗಿಗೇನೂ ತಿಳಿಯಲಿಲ್ಲ. ಕೈಯಿಟ್ಟಳು, ಒದ್ದೆ. ಮಡಚಿದ ಒಣ ಹಾಸನ್ನು ತಂದು ಗಂಡನ ಎದೆಯ ಮೇಲಿಟ್ಟು ದೀಪ ಹಾಕಿದಳು.

"ಏಯ್, ಲೈಟು," ಎಂದು ಅವನು ಕಣ್ಣಿಗೆ ತೋಳು ಅಡ್ಡ ಹಿಡಿದ.

ಲ್ಯಾಬಿನ ಬಾಗಿಲು ತೆರೆಯಲು ಇನ್ನೂ ಬಹಳ ಹೊತ್ತಿತ್ತು. ದೀಪ ಆರಿಸದೆಯೇ ಅವಳು ಚಪ್ಪಲಿ ಮೆಟ್ಟಿ ಹೊರಟಳು.