ಕೌಸಲ್ಯಾಬಾಯಿಯ ಅವ್ವಲ ನಂಬರ

ವರ್ಷಕ್ಕೊಮ್ಮಿ ಟಿವ್ಯಾಗ ಸಿನೇಮಾದವರಿಗಿ ಬಹುಮಾನ ಕೊಡ್ತಾರ. ಹೋದ ವರ್ಷದ ಚಲೋ ಹೀರೋ ಯಾರು, ಚಲೋ ಹೀರೋಯಿನ್ ಯಾರು, ಸೈಡ್ ಪಾರ್ಟ್ ಯಾರು ಚಲೋ ಮಾಡ್ಯಾರ ಅಂತ ಲಕೋಟಿ ಹರದು ಹೆಸರು ಓದ್ತಾರ. ಸೈಡ್ ಪಾರ್ಟಿನ ಪಾಳಿ ಬಂತಂದ್ರ ನಾ ಎದ್ದು ಅಡಗಿಮನಿಗಿ ಹೋಗ್ತೇನಿ. ಸೊಸಿ ಕೇಳ್ತಾಳ, "ಯಾಕ್ರಿ ಅತ್ತಿ, ಅಂಥಾದ್ದೇನು ಹೇಸಿಗಿ ಅದರಾಗ?" ಅಂತ. ಹೇಸಿಗಿ ಟಿವ್ಯಾನವರ ಮ್ಯಾಲ ಅಲ್ಲ. ಯಾರ ಮ್ಯಾಲ ಅಂತ ಹೇಳಬೇಕಂದ್ರ ಕೌಸಲ್ಯಾಬಾಯಿದು ಹೇಳಬೇಕಾಗ್ತದ. ಆಕಿದು ಬರದಿಟ್ಟವರು ಯಾರೂ ಇಲ್ಲ. ನಾ ಒಮ್ಮಿ ಬರದಿದ್ದೆ, ಅದೇ ಗೋಳಿಗಿ ಮೂಲ ಆಯ್ತು.

ಕೌಸಲ್ಯಾಬಾಯಿ ಔರಾದ ಕಡಿ ಹೆಣ್ಣುಮಗಳು. ಭಾಲ್ಕಿಗಿ ಕೊಟ್ಟಿದ್ರು. ಗಂಡ ಇನ್ನೊಬ್ಬಾಕಿನ್ನ ಕರಕೊಂಡು ಬಂದು ಈಕಿ ಟ್ರಂಕು ಅಂಗಳದಾಗ ಇಟ್ಟ. ಈಕಿ ಅಳಲಿಲ್ಲ, ಔರಾದಕ್ಕ ಹೊಳ್ಳಿ ಹೋಗಲೂ ಇಲ್ಲ. ಟ್ರಂಕು ತಲಿಮ್ಯಾಲ ಹೊತ್ತಗೊಂಡು ಸೀದಾ ಟೇಶನ್ ಕಡಿ ಬಸವಣ್ಣೆಪ್ಪ ಸಾವಕಾರನ ಟೂರಿಂಗ್ ಟಾಕೀಜಿನ ತಂಬುವಿಗಿ ಹೋದಳು. "ಹೆಂಗಸರ ಗೇಟಿಗಿ ಗಂಡಸಿನ್ನ ನಿಲ್ಲಸೀರಿ. ಯಾವ ಮರ್ಯಾದಿಯಾಕಿ ಬರ್ತಾಳ್ರಿ ಸಾವಕಾರ? ನನ್ನ ನಿಲ್ಲಸ್ರಿ" ಅಂದಳು. ಮರುದಿನದಿಂದ ನಿಂತಳು.

ನಿಂತಳು ಅಂದ್ರ ಖರೇನೇ ನಿಂತಳು. ಚೀಟಿ ಹರಿಯೂದು, ಅಳೂ ಕೂಸಿನ ತಾಯಿಗಿ ನೀರು ಕೊಡೂದು, ನಡುವಿನ ಪರದಾ ಸರಿಸಿ ಈ ಕಡಿ ಇಣಕೂ ಗಂಡಸರ ಮಾರಿಗಿ ಬೈಯೂದು. ನಡುನಡುವ ಬಿದಿರಿನ ಕಂಬಕ್ಕ ಬೆನ್ನು ಹಚ್ಚಿ ಪಿಚ್ಚರ್ ನೋಡೂದು. ಒಂಬತ್ತು ವರ್ಷದಾಗ ಒಂದು ಪಿಚ್ಚರ್‌ ಸುದಾ ಕುಂತು ನೋಡಲಿಲ್ಲ ಆಕಿ. ನಿಂತು ಮಾತ್ರ ಒಂದೊಂದು ಪಿಚ್ಚರ್ ಹತ್ತು ಹದಿನಾಕು ಸಲ ನೋಡಿದಳು. ಹಿಂದಿ, ತೆಲುಗು, ಮರಾಠಿ, ಹೈದರಾಬಾದಿನಿಂದ ರೇಲಿನಾಗ ಯಾವ ಪಿಚ್ಚರಿನ ಡಬ್ಬಿ ಬರ್ತದೋ ಅದು.

ನನ್ನ ಗಂಡ ಮಡೆಪ್ಪ ಅದೇ ತಂಬುವಿನಾಗ ಗಂಡಸರ ಕಡಿ ಚೀಟಿ ಕೊಡ್ತಿದ್ದ. ಅದಕ್ಕ ನನಗ ಪುಕ್ಕಟ. ನಾ ಆಗ ಹತ್ತೊಂಬತ್ತರಾಕಿ, ದಿನಾ ಹೋಗಿ ಕೌಸಲ್ಯಾಬಾಯಿ ಕಂಬದ ಬುಡಕ್ಕ ಕುಂದರತಿದ್ದೆ. ಆ ತಂಬು ಅಂದ್ರ ಹೇಸಿಗಿ. ಪರದಾದ ಬುಡ ಎಲಿ ಅಡಕಿ ಉಗುಳಿ ಉಗುಳಿ ಕೆಂಪಗಾಗಿತ್ತು. ಬೀಡಿ ಹೊಗಿ ನಮ್ಮ ಸೆರಗಿನಾಗ ಮನಿತನಕ ಬರ್ತಿತ್ತು. ಅದಕಿಂತ ಹೇಸಿಗಿ ಅಂದ್ರ ಪಿಚ್ಚರಿನಾಗ ಆ ಜನ ನಗೂ ಜಾಗಾ. ಜೋಕರ್ ಹೆಂಡತಿ ಸೊಂಟ ಚಿವುಟಿ ಶೆಗಣ್ಯಾಗ ಬಿದ್ರ ತಂಬು ಹಾರಿಹೋಗೂ ಹಂಗ ಶೀಟಿ. ಬಡವಿ ಒಬ್ಬಾಕಿ ಬಾಗಿಲದಾಗ ನಿಂತು ಬಾಯಿ ತೆರೀಲಿಲ್ಲಂದ್ರ ಶೇಂಗಾ ಸುಲಿಯೂ ಸಪ್ಪಳ.

"ಹೀರೋನ ಮಾರಿ ಎಲ್ಲಾರೂ ನೋಡ್ತಾರ ಕಸ್ತೂರಿ, ನೀ ಬಾಜೂದವನ್ನ ನೋಡು" ಅಂತಿದ್ದಳು ಕೌಸಲ್ಯಾಬಾಯಿ. "ಎದುರಿನವರು ಮಾತಾಡೂವಾಗ ಆತ ಏನ್ ಮಾಡ್ತಾನ? ಅಲ್ಲಿ ತಿಳೀತದ ಪಾರ್ಟು. ತಾ ಮಾತಾಡೂವಾಗ ಯಾವ ಹಲಕಟ್ ಆದ್ರೂ ಮಾಡ್ತಾನ."

ಇಷ್ಟರಾಗ ಹೈದರಾಬಾದ ರಾಜ್ಯ ಒಡದು ನಾವು ಮೈಸೂರು ರಾಜ್ಯಕ್ಕ ಸೇರಿದಿವಿ. ಐವತ್ತಾರರ ನವೆಂಬರ್. ಕಚೇರಿ ಬೋರ್ಡುಗಳು ಕನ್ನಡ ಆದವು, ಸಾಲಿಗಿ ಮೈಸೂರು ಕಡಿ ಮಾಸ್ತರ ಒಬ್ಬ ಬಂದ. ಸಾವಕಾರಗ ಹುರುಪು ಬಂತು. ತಂಬು ಕಿತ್ತು ಪಕ್ಕಾ ಟಾಕೀಜ್ ಕಟ್ಟಿಸಿದ. ಯುಗಾದಿಗಿ ಉದ್ಘಾಟನಾ. ಆ ದಿನಕ್ಕ ಒಂದು ಕರಾಮತಿ ಹೂಡಿದ. ಟಾಂಗಾದಾಗ ಭೋಂಗಾ ಕಟ್ಟಿ ಊರೆಲ್ಲ ಸಾರಿಸಿದ: ಹೋದ ವರ್ಷ ನಮ್ಮ ತಂಬುವಿನಾಗ ಬಂದ ಪಿಚ್ಚರಗಳೊಳಗ ಸೈಡ್ ಪಾರ್ಟ್ ಯಾರ್‍ಯಾರು ಚಲೋ ಮಾಡ್ಯಾರ, ನಂಬರ ಹಚ್ಚಿ ಬರದು ಡಬ್ಬಿಯಾಗ ಹಾಕ್ರಿ. ಮಂದಿ ಮುಂದ ಓದಸ್ತೀವಿ. ಯಾರ ಲಿಸ್ಟಿಗಿ ಚಪ್ಪಾಳಿ ಜಾಸ್ತಿ ಬೀಳ್ತದೋ ಅವರಿಗಿ ಹೊಸಾ ಟಾಕೀಜಿನಾಗ ಒಂದು ಕುರ್ಚಿ. ಬೆನ್ನಿಗಿ ಹೆಸರು ಬರಸ್ತೀವಿ. ಅದರ ಮ್ಯಾಲ ಬ್ಯಾರೆ ಯಾರೂ ಕುಂದರೂ ಹಂಗಿಲ್ಲ.

ಕೌಸಲ್ಯಾಬಾಯಿ ಮಾರನೇ ಮಧ್ಯಾಹ್ನವೇ ನಮ್ಮ ಮನಿಗಿ ಬಂದಳು.

"ನಿನಗ ಬರೀಲಾಕ ಬರ್ತದಲ್ಲ?"

"ಬರ್ತದ ಅಕ್ಕಾ."

"ಹಂಗಾರ ಬರಿ. ಆ ಕುರ್ಚಿ ನಂದು." ನಕ್ಕಳು. ಆಮ್ಯಾಲ ನಗೂದು ಬಿಟ್ಟು, "ಒಂದು ಪಿಚ್ಚರ್ ಕುಂತು ನೋಡಬೇಕು ಕಸ್ತೂರಿ. ಕಾಲು ನೋಯ್ತಾವ ಅಂತ ಅಲ್ಲ. ಈ ಊರಾಗ ನನ್ನ ಹೆಸರಿಂದು ಒಂದು ಜಾಗಾ ಇರಬೇಕು" ಅಂದಳು.

ಹಳೇ ಹ್ಯಾಂಡಬಿಲ್ಲಿನ ಹಿಂದ ಪೆನ್ಸಿಲಿನಿಂದ ಬರದೆ. ಎಲ್ಲಾದಕಿಂತ ಮ್ಯಾಲ ಆಕಿ ಇಟ್ಟದ್ದು ಒಬ್ಬ ದಾಯಿನ್ನ. ಹೀರೋನ್ನ ಸಾಕಿದಾಕಿ. ಮೂರು ಸಲ ಬರ್ತಾಳ, ಮೂರು ಸಲನೂ ಕೈಯಾಗ ದೀಪ. ಮಾತು ಒಂದೇ, "ಊಟಾ ಮಾಡಿದೇನು?" ಹೀರೋ ದೊಡ್ಡಾಂವ ಆಗಿ ಹೆತ್ತ ತಾಯಿನ್ನ ಹುಡಕಿ ಅಪ್ಪಿಕೋತಾನ. ಅವಾಗ ದಾಯಿ ದೀಪದ ಬತ್ತಿ ಒಂದೀಟು ಸಣ್ಣ ಮಾಡ್ತಾಳ, ತನ್ನ ಮಾರಿ ಯಾರಿಗೂ ಕಾಣಬಾರದಂತ. ಆ ನಟಿ ಹೆಸರೇನು ಅಂತ ಕೌಸಲ್ಯಾಬಾಯಿ ಮಶೀನ್ ನಡಸೂ ಮುಜೀಬೋದ್ದೀನನ್ನ ಕೇಳಿದ್ದಳು. ಹಾಡಿನ ಪುಸ್ತಕದಾಗೂ ಆಕಿ ಹೆಸರಿಲ್ಲ. ಅದಕ್ಕ ಬರೇ ಹೀರೋನ ದಾಯಿ ಅಂತ ಬರದೆ.

ಎರಡನೇದು ಪಂಖಾ ಎಳಿಯೂ ಮುದುಕ. ಜಮೀನದಾರ ಈತನ ಮಗಳಿಗೇ ಬೈಲಿಕತ್ತಿರ್ತಾನ, ಮುದುಕನ ಕೈಯಾನ ಹಗ್ಗ ನಿಲ್ಲಂಗಿಲ್ಲ, ಆದ್ರ ಎಳಿಯೂ ರೀತಿ ಬದಲಾಗ್ತದ. ಮೂರನೇದು ತೆಲುಗು ಪಿಚ್ಚರಿನ ವಾರಗಿತ್ತಿ. "ಎಲ್ಲಾರೂ ತಿಂದಂಗ ಮಾಡ್ತಾರ, ಈಕಿ ಜಗಳಾಡಕೋತ ಖರೇನೇ ತಿಂತಾಳ ನೋಡು." ನಾಕನೇದು ಟಾಂಗಾದವ. ಹಿಂದ ಹೀರೋ ಹೀರೋಯಿನ್ ಹಾಡ್ತಿರ್ತಾರ, ಈತ ತಿರುಗಿ ನೋಡಂಗಿಲ್ಲ, ಕಿವಿ ಮಾತ್ರ ಹಿಂದ.

"ಒಂದು, ಎರಡು, ಮೂರು, ನಾಕು. ಹಾಕು ನಂಬರ" ಅಂದಳು.

ಇಲ್ಲಿ ನಾ ನನ್ನ ಶಾಣ್ಯಾತನ ತೋರಸಿದೆ. ನಾ ಸಾಲಿಗಿ ಹೋಗಿದ್ದು ನಿಜಾಮನ ಕಾಲದಾಗ, ಉರ್ದು ಸಾಲಿ, ಮೂರನೇತ್ತೆ ತನಕ. ಅಲ್ಲಿ ಒಂದನೇ ನಂಬರಿಗಿ ಅವ್ವಲ, ಎರಡಕ್ಕ ದುವ್ವಮ, ಮೂರಕ್ಕ ಸುವ್ವಮ, ನಾಕಕ್ಕ ಚಹಾರೂಮ. ಕನ್ನಡ ಅಕ್ಷರ ಅಪ್ಪ ಮನ್ಯಾಗ ವಚನ ಓದೂ ಸಲುವಾಗಿ ಕಲಿಸಿದ್ದು. ಎರಡೂ ಬರ್ತಾವ ಅಂತ ಸೊಕ್ಕು. ಕನ್ನಡ ಅಕ್ಷರದಾಗ ಉರ್ದು ನಂಬರ ಬರದೆ: ಹೀರೋನ ದಾಯಿ, ಅವ್ವಲ. ಪಂಖಾದ ಮುದುಕ, ದುವ್ವಮ. ಹಿಂಗ ನಾಕೂ. ಕೆಳಗ ಕೌಸಲ್ಯಾಬಾಯಿ, ಹೆಂಗಸರ ಗೇಟು.

ಯುಗಾದಿ ಮುಂಜಾನಿ ನನ್ನ ಗಂಡ ಅಂಗಿ ಗುಂಡಿ ಹಾಕ್ಕೋತ ಹೇಳಿದ, "ಕುರ್ಚಿ ಏಕನಾಥ ಸೇಟಗ ಹೋಗೂದದ. ಸಾವಕಾರ ಮಾತು ಕೊಟ್ಟಾರ. ನೀ ನಡುವ ಬಾಯಿ ಹಾಕಬ್ಯಾಡ."

ಏಕನಾಥ ಸೇಟ ಅಂದ್ರ ಅರಬಿ-ಬಟ್ಟಿ ಅಂಗಡಿಯಾತ. ಹೊಸಾ ಟಾಕೀಜಿನಾಗ ಪಿಚ್ಚರ್ ಬೀಳೂ ದೊಡ್ಡ ಪರದಾ ಅವನ ಅಂಗಡಿಯಿಂದೇ ಬಂದಿತ್ತು.

"ಹಂಗಾರ ಲಿಸ್ಟ್ ಓದಸೂದು ಯಾಕ?" ಅಂದೆ.

"ಮಂದಿ ಬರಬೇಕಲ್ಲ" ಅಂದ. ನನಗ ಅಲ್ಲೇ ಹೇಸಿಗಿ ಆಯ್ತು. ಆದ್ರ ಹೊಸಾ ಸೀರಿ ಉಟಗೊಂಡು ಹೋದೆ. ಹೋಗದೆ ಇದ್ದಿದ್ರ ಒಂದು ಮಾತಿತ್ತು.

ಹತ್ತು ಗಂಟಿಗಿ ಟಾಕೀಜ್ ತುಂಬಿತ್ತು. ವೇದಿಕಿ ಮ್ಯಾಲ ಕುರ್ಚಿ, ಬೆತ್ತದ ಹೆಣಿಕಿ, ಬೆನ್ನಿಗಿ ಖಾಲಿ ಹಲಗಿ. ಕೌಸಲ್ಯಾಬಾಯಿ ಎಂದಿನಂಗ ಹೆಂಗಸರ ಬಾಗಿಲದಾಗ ನಿಂತಿದ್ದಳು. ತಲಿಗಿ ಎಣ್ಣಿ ಹಚ್ಚಿ ಬಿಗಿದು ಕಟ್ಟಿದ್ದಳು. ಕನ್ನಡದಾಗ ಓದಸೂದಂತ ಸಾವಕಾರ ಮೈಸೂರು ಮಾಸ್ತರನ್ನ ಕರದಿದ್ದ.

ಮೊದಲು ಏಕನಾಥ ಸೇಟನ ಲಿಸ್ಟ್. ಒಂದನೇ ನಂಬರ, ಶೆಗಣ್ಯಾಗ ಬಿದ್ದ ಜೋಕರ್. ಎರಡು, ಮೂರು, ಮತ್ತ ಜೋಕರಗಳೇ. ಚಪ್ಪಾಳಿ ಬಿತ್ತು, ಆದ್ರ ಭಾಳ ಏನಿಲ್ಲ. ಇನ್ನೆರಡು ಓದಿದ್ರು, ಅವಕ್ಕೂ ಅಷ್ಟೇ. ಆಮ್ಯಾಲ ನನ್ನ ಹ್ಯಾಂಡಬಿಲ್ಲು ತಗದ್ರು.

"ಹೀರೋನ ದಾಯಿ" ಅಂತ ಓದಿದ ಮಾಸ್ತರ. ಚಸ್ಮಾ ಸರಿ ಮಾಡಿಕೊಂಡ. "ಅವ್ವ ಅಲ್ಲ."

ಯಾರೋ ಕಿಸಕ್ಕಂದ್ರು.

"ಸರಿಯಾಗೇ ಇದೆ, ದಾಯಿ ಅಂದ್ರೆ ಸಾಕಿದವಳು, ಅವ್ವ ಅಲ್ಲ" ಅಂತ ತಿಳಿಸಿ ಹೇಳಿ ಮುಂದಕ್ಕ ಹೋದ. "ಪಂಖಾದ ಮುದುಕ, ದುವ್ವಮ್ಮ. ಇದೇನು, ಗಂಡಸಿಗೆ ದುವ್ವಮ್ಮ ಅಂತ ಹೆಸರೇ? ವಾರಗಿತ್ತಿ, ಸುವ್ವಮ್ಮ. ಟಾಂಗಾದವ, ಚಹಾ ರೂಮು."

ಟಾಕೀಜ್ ಬಿದ್ದು ಬಿದ್ದು ನಗಲಾಕ ಹತ್ತಿತು. ಅಲ್ಲಿದ್ದ ಅರ್ಧಕ್ಕರ್ಧ ಗಂಡಸರು ಉರ್ದು ಸಾಲಿ ಕಲತವರೇ. ಅವ್ವಲ ಅಂದ್ರೇನು, ದುವ್ವಮ ಅಂದ್ರೇನು, ಅವರಿಗಿ ಗೊತ್ತಿರಲಿಲ್ಲೇನು? ಸಾವಕಾರ ತಾನೇ ಅದೇ ಸಾಲಿ. ಹೊಟ್ಟಿ ಹಿಡಕೊಂಡು ನಗಲಿಕತ್ತಿದ್ದ.

ಕೌಸಲ್ಯಾಬಾಯಿ ಬಾಗಿಲದಿಂದ ಒದರಿದಳು, "ಅವ್ವ ಅಲ್ಲ ಅಲ್ಲರಿ ಮಾಸ್ತರ, ಅವ್ವಲ!"

"ಅದನ್ನೇ ಓದಿದೆನಲ್ಲಮ್ಮ, ಅವ್ವ ಅಲ್ಲ ಅಂತ."

"ಅವ್ವ ಅಲ್ಲ ಅಲ್ಲಾ..."

ಆಕಿ ಎಷ್ಟು ತಿದ್ದಿದ್ರ ಅಷ್ಟು ನಗಿ. ಏಕನಾಥ ಸೇಟ ಎದ್ದು ನಿಂತು, "ಕೌಸಲ್ಯಾ, ಅವ್ವನೋ ಅಲ್ಲೋ, ಮೊದಲ ನೀ ಗಟ್ಟಿ ಮಾಡಕೊಂಡು ಬಾ!" ಅಂದ. ಅವನ ಮಾತಿಗಿ ಶೀಟಿ ಬಿದ್ದವು.

ಅವಾಗ ಕೌಸಲ್ಯಾಬಾಯಿ ನನ್ನ ಕಡಿ ಕೈ ಮಾಡಿದಳು. "ಬರದಾಕಿ ಅಲ್ಲೇ ಕುಂತಾಳ ನೋಡ್ರಿ, ಮಡೆಪ್ಪನ ಹೆಂಡತಿ. ಆಕಿನ್ನ ಕೇಳ್ರಿ. ಹೇಳ ಕಸ್ತೂರಿ, ಅವ್ವಲ ಅಂದ್ರ ಒಂದನೇ ನಂಬರ ಅಂತ ಹೇಳು."

ನಗಿ ನಿಂತಿತು. ಮಾಸ್ತರ ನನ್ನ ನೋಡಿದ. "ಏನಮ್ಮ, ನೀವು ಬರೆದದ್ದೇ?"

ವೇದಿಕಿ ಬಾಜೂಕ ನನ್ನ ಗಂಡ ನಿಂತಿದ್ದ. ನನ್ನ ಕಡಿ ನೋಡಿದ. ನಾ ಸೆರಗು ಮುಂದಕ್ಕ ಎಳಕೊಂಡೆ.

"ನನಗ ಬರೀಲಾಕ ಬರಂಗಿಲ್ಲರಿ. ನಾ ಸಾಲಿಗಿ ಹೋಗಿಲ್ಲ."

ಕೌಸಲ್ಯಾಬಾಯಿ ಕೈ ಕೆಳಗ ಬಿಟ್ಟಳು. ಆಕಿನ್ನ ನೋಡಲಾರದ ನಾ ಕುರ್ಚಿ ನೋಡಿಕೋತ ಕುಂತೆ. ಚಪ್ಪಾಳಿ ಏಕನಾಥ ಸೇಟಗೇ ಜಾಸ್ತಿ ಅಂತ ಸಾವಕಾರ ಸಾರಿದ. ಸೇಟ ದೊಡ್ಡ ಮನಸ್ಸು ಮಾಡಿ ಕುರ್ಚಿ ತನ್ನ ಹೆಂಡತಿಗಿ ಕೊಟ್ಟ. ಹಲಗಿ ಮ್ಯಾಲ ಹಳದಿ ಬಣ್ಣದಾಗ ಶಾಲುಬಾಯಿ ಏಕನಾಥ ಅಂತ ಬರಸಿ ಹೆಂಗಸರ ಕಡಿ ಇಟ್ರು, ಬಾಗಿಲಿಗಿ ಹತ್ತಿ. ಶಾಲುಬಾಯಿಗಿ ಪಿಚ್ಚರ್ ಅಂದ್ರ ತಲಿನೋವು. ಎರಡು ಸಲ ಬಂದಳು, ಆಮ್ಯಾಲ ಇಲ್ಲ. ಖಾಲಿ ಕುರ್ಚಿ ಮ್ಯಾಲ ಯಾರೂ ಕುಂದರದಂಗ ಕಾಯೂ ಕೆಲಸ ಕೌಸಲ್ಯಾಬಾಯಿಗೇ ಬಂತು.

ಗಂಡಸರು ಆಕಿಗಿ ಹೆಸರಿಟ್ರು. "ಏ ದುವ್ವಮ್ಮ, ನಿಮ್ಮ ಚಹಾ ರೂಮು ತೆರದದೇನು?" ಅಂತ ಬೀಡಿ ಬಾಯಾಗ ಇಟಗೊಂಡು ಕೇಳೂದು. ಕೇಳಿ ತಾವೇ ನಗೂದು. ಸುವ್ವಮ ಮುಗಿಸಲಾರದ ಸಾಲಿ ಬಿಟ್ಟವರು ಸುದಾ.

ಒಂದು ತಿಂಗಳಾದ ಮ್ಯಾಲ ಮೈಸೂರು ಮಾಸ್ತರ ಗೇಟಿಗಿ ಬಂದ. ನಾ ಅಲ್ಲೇ ಇದ್ದೆ. "ಸ್ಕೂಲಿನಲ್ಲಿ ಹಳೆಯ ರಿಜಿಸ್ಟರು ನೋಡುವಾಗ ತಿಳೀತು ತಾಯಿ. ನಮ್ಮ ಕಡೆ ಆ ಮಾತುಗಳಿಲ್ಲ. ನನ್ನಿಂದ ತಪ್ಪಾಯ್ತು" ಅಂದು ಕೈ ಮುಗದ.

"ನಿಮಗ ಗೊತ್ತಿರಲಿಲ್ಲ ಮಾಸ್ತರ, ನೀವು ಬಂದೀರಿ" ಅಂದಳು ಕೌಸಲ್ಯಾಬಾಯಿ. "ಗೊತ್ತಿದ್ದವರು ಯಾರೂ ಬಂದಿಲ್ಲ ನೋಡ್ರಿ."

ನಾ ಚೀಟಿ ಇಲ್ಲದೆ ಒಳಗ ಹೋಗಿ ಕುಂತೆ. ನನಗ ಪುಕ್ಕಟ ಇತ್ತಲ್ಲ.

ಮರುವರ್ಷ ದಾಯಿ ಪಿಚ್ಚರ್ ಮತ್ತ ಬಂತು. ಹಳೇದಂತ ಮಂದಿ ಇಲ್ಲ. ಹೆಂಗಸರ ಕಡಿ ಆರು ಮಂದಿ, ಕುರ್ಚಿ ಖಾಲಿ. ನಾ ಧೈರ್ಯ ಮಾಡಿ ಹತ್ತಿರ ಹೋಗಿ, "ಇವತ್ತರ ಕುಂದ್ರು ಅಕ್ಕಾ. ಯಾರೂ ನೋಡಂಗಿಲ್ಲ" ಅಂದೆ.

"ಯಾರೂ ನೋಡದಂಗ ಕುಂದರಲಾಕ ನನಗ ಕುರ್ಚಿ ಯಾಕ ಬೇಕು?" ಅಂದಳು. ವರ್ಷದ ಮ್ಯಾಲ ನನ್ನ ಕೂಡ ಅದೇ ಮೊದಲನೇ ಮಾತು. ಆಮ್ಯಾಲ ಪರದಾದ ಕಡೀನೇ ನೋಡಿಕೋತ ಅಂದಳು, "ಹೋದ ವರ್ಷದ ಖರೇ ಲಿಸ್ಟ್ ಹೇಳ್ತೇನಿ, ಕೇಳು. ಬರಕೋ ಅನ್ನಂಗಿಲ್ಲ, ನಿನಗ ಬರೀಲಾಕ ಬರಂಗಿಲ್ಲಲ್ಲ. ಮೂರನೇ ನಂಬರ ಏಕನಾಥ ಸೇಟ. ಬರೇ ಜೋಕರ್ ಪಾರ್ಟು, ಅದರಾಗೇನದ? ಎರಡನೇದು ಸಾವಕಾರ. ಗೊತ್ತಿದ್ದೂ ಗೊತ್ತಿಲ್ಲದವರಂಗ ನಗೂದು ಸಸಾರ ಅಲ್ಲ. ಒಂದನೇ ನಂಬರ ನಿಂದು."

ನಾ ಬಾಯಿ ತೆರೀಲಿಲ್ಲ.

"ಹಾಂ, ಇದೇ" ಅಂದಳು. "ಎದುರಿನವರು ಮಾತಾಡೂವಾಗ ಸೆರಗು ಎಳಕೊಂಡಿ ನೋಡು, ಅಂಥಾ ಪಾರ್ಟು ಆ ಮುದುಕಗೂ ಬಂದಿಲ್ಲ, ಟಾಂಗಾದವಗೂ ಬಂದಿಲ್ಲ."

ಪರದಾದ ಮ್ಯಾಲ ದಾಯಿ ದೀಪ ಹಿಡಕೊಂಡು ಬಂದಳು. ಕೌಸಲ್ಯಾಬಾಯಿ ಕುರ್ಚಿ ಬೆನ್ನ ಮ್ಯಾಲಿನ ಧೂಳಿ ಸೆರಗಿನಿಂದ ಒರಸಿದಳು, ಅದು ಆಕಿ ಕೆಲಸ ಇತ್ತು, ಒರಸಿ ಬಾಗಿಲಿಗಿ ಹೋಗಿ ನಿಂತು ನೋಡಿದಳು.