ಮೂರನೆಯ ಸಾಲಿನ ಅಕ್ಕ

ಶಾಂತಾಬಾಯಿ ಅಕ್ಕ ರೈಲಿನಲ್ಲಿ ಎಂದೂ ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂತವರಲ್ಲ. ಎಂಜಿನ್ನಿಗೆ ಬೆನ್ನು ಕೊಟ್ಟು, ಕಿಟಕಿಯ ಸರಳು ಹಿಡಿದು ಕೂಡುತ್ತಿದ್ದರು. ಹಾಗೆ ಕೂತರೆ ನನಗಂತೂ ತಲೆ ಸುತ್ತುತ್ತದೆ. ಯಾಕೆಂದು ಕೇಳಿದರೆ, "ಎದುರು ಬರಾದು ಕಣ್ಣು ಮಿಟುಕಿಸಾದ್ರಾಗ ಹೋಗಿಬಿಡ್ತದ ತಂಗೀ. ಹಿಂದ ಸರಿಯಾದು ಭಾಳೊತ್ತು ಕಾಣ್ತದ" ಎನ್ನುತ್ತಿದ್ದರು.

ಅವರು ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರು, ನಾನು ಅಲ್ಲಿನ ಕೋರ್ಟಿನಲ್ಲಿ ಟೈಪಿಸ್ಟ್. ಇಬ್ಬರೂ ಸೇಡಂನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿ ಎದುರುಬದುರು ಕೂಡುತ್ತಿದ್ದೆವು. ಯಾವುದೋ ತರಬೇತಿಗೆ ಹೋದ ಟೀಚರುಗಳೆಲ್ಲ ಕೈಚೀಲ ತಂದರೆ, ಇವರು ಹಾಯ್ಕು ಕಲಿತು ಬಂದರು. ಮೂರೇ ಸಾಲು, ಐದು ಅಕ್ಷರ, ಏಳು ಅಕ್ಷರ, ಮತ್ತೆ ಐದು. ಅದನ್ನೇ ನಾವಿಬ್ಬರೂ ರೈಲಿನ ಆಟ ಮಾಡಿಕೊಂಡೆವು: ಕಿಟಕಿಯಲ್ಲಿ ಕಂಡದ್ದರ ಮೇಲೇ ಕಟ್ಟಬೇಕು, ಅದು ಮರೆಯಾಗುವುದರೊಳಗೆ ಮುಗಿಸಬೇಕು. ಬರೆದಿಡುವ ಹಾಗಿಲ್ಲ.

ಮುಂದೆ ನೋಡುತ್ತ ಕೂತ ನನಗೆ ಎಲ್ಲವೂ ಮೊದಲು ಕಾಣುತ್ತಿತ್ತು. ಹಾಗಾಗಿ ಮೊದಲ ಎರಡು ಸಾಲು ನನ್ನವು. ಅದು ದೂರ ಸರಿಯುವುದನ್ನು ನೋಡುವವರು ಅಕ್ಕ, ಮೂರನೆಯದು ಅವರದು. ಸರಳಿನ ಮೇಲಿನ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಅಕ್ಷರ ಎಣಿಸುವರು. ಐದೂ ಮಡಚಿ ಮುಷ್ಟಿ ಆಗುವ ತನಕ ಬಾಯಿ ಬಿಡುತ್ತಿರಲಿಲ್ಲ.

ಒಮ್ಮೆ ಹಳಿಯ ಪಕ್ಕ ಮನೆಗೆ ಹಾಸುವ ಶಹಾಬಾದಿ ಫರ್ಸಿಕಲ್ಲು ಒಟ್ಟಿದ್ದರು. ನಾನು ಶುರು ಮಾಡಿದೆ: "ಫರ್ಸಿಯ ರಾಶಿ, ತುದಿ ಮ್ಯಾಲೊಂದು ಆಡು." ಅಕ್ಕನ ಮುಷ್ಟಿ ಮುಚ್ಚಿತು. "ಗೃಹಪ್ರವೇಶ!"

ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಇನ್ನೊಮ್ಮೆ ಗೇಟಿನಲ್ಲಿ ಬೈಕಿನ ಮೇಲೆ ಮದುಮಗ ಕಾಯುತ್ತಿದ್ದ. ಉತ್ಸಾಹದಲ್ಲಿ ಮೂರೂ ಸಾಲು ನಾನೇ ಹೇಳಿಬಿಟ್ಟೆ: "ಗೇಟು ಬಿದ್ದದ, ಕಾಯುವ ಮದುಮಗ, ಬಾಸಿಂಗ ಬಾಡ್ತು." ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು. ಚಿತ್ತಾಪುರ ಬರುವ ತನಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇಳಿಯುವಾಗ ಅಂದರು: "ಬರಾದು ನಿಂದು, ಹೋಗಾದು ನಂದು. ನನ್ನ ಪಾಲಿಂದು ನೀ ತಗೋಬ್ಯಾಡ."

ಹೋದ ವರ್ಷ ಅವರ ದನಿ ಒಡೆಯತೊಡಗಿತು. ಪಾಠ ಹೇಳಿ ಹೇಳಿ ಹಾಗಾಗಿದೆ ಎಂದುಕೊಂಡೆವು. ಗಂಟಲಲ್ಲಿ ಗಡ್ಡೆ ಇತ್ತು. ಹೈದರಾಬಾದಿನಲ್ಲಿ ಆಪರೇಷನ್ ಎಂದು ಗೊತ್ತಾಯಿತು, ಆಮೇಲೆ ದನಿ ಉಳಿಯುವುದಿಲ್ಲ ಎಂದೂ ಗೊತ್ತಾಯಿತು. ಆ ಕೊನೆಯ ವಾರ ನಾನು ಕಂಡಕಂಡದ್ದಕ್ಕೆಲ್ಲ ಎರಡು ಸಾಲು ಹೇಳಿದೆ. ಸಿಗ್ನಲ್ಲಿಗೆ, ತೊಗರಿ ಹೊಲಕ್ಕೆ, ತಂತಿಯ ಮೇಲೆ ಒಣಹಾಕಿದ ಲುಂಗಿಗೆ ಕೂಡ. ನನಗೆ ಅವರ ದನಿ ಬೇಕಿತ್ತು. ಅಕ್ಕನಿಗೆ ತಿಳಿಯದೇ ಇರುತ್ತದೆಯೆ? "ಸಾಕು ಮಾಡವಾ, ಗಂಟಲ ನೋಯ್ಲಿಕತ್ತದ" ಎಂದು ಪಿಸುಗುಟ್ಟುತ್ತಲೇ ಮುಗಿಸಿಕೊಡುತ್ತಿದ್ದರು.

ಅವರು ಹೈದರಾಬಾದಿಗೆ ಹೊರಟ ದಿನ ಸೇಡಂ ಸ್ಟೇಷನ್ನಿಗೆ ಹೋದೆ. ಮಗಳು ಸಾಮಾನು ಇಡುತ್ತಿದ್ದಳು. ಅವತ್ತೂ ಅಕ್ಕ ಎಂಜಿನ್ನಿಗೆ ಬೆನ್ನು ಕೊಟ್ಟೇ ಕೂತಿದ್ದರು. "ಇವತ್ತ ಮೂರೂ ಸಾಲು ನೀವೇ ಹೇಳ್ರಿ ಅಕ್ಕಾ" ಎಂದೆ.

"ಬ್ಯಾಡ. ನಿನ್ನವೆರಡು ನೀ ಹೇಳು."

ಗಾಡಿ ಅಲುಗಿತು. ಅಳು ತಡೆದುಕೊಂಡು ಹೇಳಿದೆ: "ಗಾಡಿ ಹೊಂಟದ, ಪ್ಲಾಟ್‌ಫಾರ್ಮಿನಾಗ ನಾನು."

ಅಕ್ಕ ನನ್ನನ್ನೇ ನೋಡುತ್ತ ಸರಳಿನ ಮೇಲೆ ಬೆರಳು ಮಡಚತೊಡಗಿದರು. ಒಂದು, ಎರಡು. ನಾನು ಜೊತೆಗೇ ಹೆಜ್ಜೆ ಹಾಕಿದೆ, ಆಮೇಲೆ ಓಡಿದೆ. ಗಾಡಿ ವೇಗ ಹಿಡಿಯಿತು. ಪ್ಲಾಟ್‌ಫಾರ್ಮ್ ಮುಗಿದಲ್ಲಿ ನಿಂತು ನೋಡಿದರೆ, ದೂರದ ಕಿಟಕಿಯಿಂದ ಅವರ ಕೈ ಹೊರಗೆ ಬಂದಿತ್ತು. ಮುಷ್ಟಿ ಮುಚ್ಚಿತ್ತು. ಸಾಲು ಸಿದ್ಧವಾಗಿತ್ತು.

ದನಿ ಹೋದರೇನು, ಬಂದ ಮೇಲೆ ಬರೆದು ತೋರಿಸುತ್ತಾರೆ ಎಂದುಕೊಂಡೆ. ಆಪರೇಷನ್ನಿನ ನಂತರ ಅಕ್ಕ ಕಣ್ಣು ತೆರೆಯಲಿಲ್ಲ. ಮಣ್ಣಿಗೆ ಹೋದಾಗ ಮಗಳನ್ನು ತಬ್ಬಿಕೊಂಡು, "ಗಾಡ್ಯಾಗ ಅಕ್ಕ ಏನರೆ ಅಂದ್ರೇನು?" ಎಂದು ಕೇಳಿಯೇಬಿಟ್ಟೆ.

"ಇಲ್ರಿ. ತಾಂಡೂರ ಬರೋ ತನ ಮುಷ್ಟಿನೇ ಬಿಚ್ಚಲಿಲ್ಲ" ಎಂದಳು.

ಈಗ ನಾನು ಅಕ್ಕನ ಜಾಗದಲ್ಲಿ ಕೂಡುತ್ತೇನೆ. ತಲೆ ಸುತ್ತುತ್ತದೆ, ಸುತ್ತಲಿ. ಸೇಡಂ ಹಿಂದೆ ಸರಿಯುತ್ತದೆ, ಭಾಳ ಹೊತ್ತು ಕಾಣುತ್ತದೆ. ದಿನವೂ ಸರಳಿನ ಮೇಲೆ ಬೆರಳು ಮಡಚುತ್ತೇನೆ. ಅಕ್ಷರ ಬರುವುದಿಲ್ಲ.